ತಾಯಿ ಕಾರ್ಡಿನ ಖಾಲಿ ಚೌಕ

2025ರ ಜುಲೈ ತಿಂಗಳು. ಹಾಸನ ಜಿಲ್ಲೆಯಲ್ಲಿ ಸಣ್ಣ ವಯಸ್ಸಿನವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಟೀವಿಯಲ್ಲಿ ದಿನಾ ಬರುತ್ತಿತ್ತು. ಅರಸೀಕೆರೆ ಕಡೆಯ ಒಬ್ಬ ತಾಯಿ ಇಬ್ಬರು ಮಕ್ಕಳನ್ನು ಕರೆದುಕೊಂಡು ನನ್ನ ಕ್ಲಿನಿಕ್ಕಿಗೆ ಬಂದರು. ಮಗನಿಗೆ 16, ಮಗಳಿಗೆ 10. ಇಬ್ಬರಿಗೂ ಜ್ವರವಿಲ್ಲ, ಕೆಮ್ಮಿಲ್ಲ. ಮಕ್ಕಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಂದು, ದನಿ ತಗ್ಗಿಸಿ ಕೇಳಿದರು: “ಡಾಕ್ಟ್ರೇ, ದೊಡ್ಡೋನಿಗೆ ಸ್ಕೂಲಲ್ಲೇ ಕೊರೋನಾ ಸೂಜಿ ಎರಡೂ ಹಾಕ್ಸಿದ್ವಿ. ಚಿಕ್ಕೋಳಿಗೆ ಒಂದೂ ಹಾಕ್ಸಿಲ್ಲ. ಹಾಕ್ಸಿದ್ದು ತಪ್ಪಾಯ್ತಾ, ಹಾಕ್ಸದೇ ಇದ್ದಿದ್ದು ತಪ್ಪಾಯ್ತಾ?”

ಎರಡೂ ತಪ್ಪಲ್ಲಮ್ಮಾ ಅಂದೆ. ಆದರೆ ಅಷ್ಟಕ್ಕೇ ಅವರ ಮನಸ್ಸು ತಿಳಿಯಾಗುವುದಿಲ್ಲ ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಈ ಎರಡು ಭಯವನ್ನೂ ಒಟ್ಟಿಗೆ ಹೊತ್ತ ತಂದೆತಾಯಿ ಬಹಳ ಜನ ಇದ್ದಾರೆ. ಆ ದಿನ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಮಗಳಿಗೆ ಯಾಕೆ ಸಿಗಲಿಲ್ಲ ಅನ್ನುವುದು. ನಮ್ಮ ದೇಶದಲ್ಲಿ ಕೊರೋನಾ ಲಸಿಕೆ ಶುರುವಾಗಿದ್ದು 2021ರ ಜನವರಿ 16ರಂದು, ಆರೋಗ್ಯ ಸಿಬ್ಬಂದಿಯಿಂದ. ಮಕ್ಕಳ ಸರದಿ ಬರಲು ಸುಮಾರು ಒಂದು ವರ್ಷ ಹಿಡಿಯಿತು. 2022ರ ಜನವರಿ 3ರಿಂದ 15ರಿಂದ 18ರ ನಡುವಿನವರಿಗೆ ಕೋವ್ಯಾಕ್ಸಿನ್, ಆ ವರ್ಷದ ಮಾರ್ಚ್ 16ರಿಂದ 12 ತುಂಬಿದವರಿಗೆ ಕಾರ್ಬೆವ್ಯಾಕ್ಸ್. ಎರಡಕ್ಕೂ 28 ದಿನದ ಅಂತರದಲ್ಲಿ ಎರಡು ಡೋಸ್. 12ಕ್ಕಿಂತ ಚಿಕ್ಕವರಿಗೂ ಕೊಡಬಹುದೆಂದು ಏಪ್ರಿಲ್‌ನಲ್ಲಿ ತುರ್ತು ಅನುಮತಿ ಸಿಕ್ಕಿತಾದರೂ ಸರ್ಕಾರದ ಅಭಿಯಾನಕ್ಕೆ ಆ ವಯಸ್ಸಿನವರು ಸೇರಲಿಲ್ಲ. ಆಗ ಈ ಹುಡುಗಿಗೆ 7 ವರ್ಷ. ಇವಳ ಓರಗೆಯ ಮಕ್ಕಳಿಗೆಲ್ಲ ಹೀಗೇ ಆಯಿತು. ಇದರಲ್ಲಿ ತಾಯಿಯ ಅಲಕ್ಷ್ಯ ಏನೂ ಇಲ್ಲ.

ಇನ್ನು ಮಗನ ತೋಳಿಗೆ ಹಾಕಿದ್ದೇನು? ಕಾರ್ಬೆವ್ಯಾಕ್ಸ್‌ನಲ್ಲಿ ಇಡೀ ವೈರಸ್ ಇಲ್ಲ. ವೈರಸ್ಸಿನ ಮೈಮೇಲಿನ ಮುಳ್ಳು ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವ ತುದಿಯಿದೆಯಲ್ಲ, ಆ ಒಂದು ಚೂರು ಪ್ರೋಟೀನನ್ನು ಯೀಸ್ಟ್ ಕೋಶಗಳಲ್ಲಿ ಬೆಳೆಸಿ, ಶುದ್ಧ ಮಾಡಿ, ಸೀಸೆಗೆ ತುಂಬುತ್ತಾರೆ. ಹುಟ್ಟಿದ ದಿನವೇ ಕೂಸಿಗೆ ಹಾಕುವ ಹೆಪಟೈಟಿಸ್ ಬಿ ಚುಚ್ಚುಮದ್ದು ಕೂಡ ಇದೇ ಯೀಸ್ಟ್ ವಿಧಾನದ್ದು. ಕೋವ್ಯಾಕ್ಸಿನ್ ಇನ್ನೂ ಹಳೆಯ ದಾರಿಯದು: ಪುಣೆಯ ವೈರಾಣು ಸಂಸ್ಥೆ ಬೇರ್ಪಡಿಸಿ ಕೊಟ್ಟ ವೈರಸ್ಸನ್ನು ಬೆಳೆಸಿ, ರಾಸಾಯನಿಕದಿಂದ ನಿರ್ಜೀವ ಮಾಡಿ ತಯಾರಿಸಿದ್ದು. ಸತ್ತ ವೈರಸ್ ಮೈಯಲ್ಲಿ ಬೆಳೆಯಲಾರದು, ಕಾಯಿಲೆ ತರಲಾರದು. ಪೋಲಿಯೋಗೆ ಹನಿಯ ಜೊತೆ ಕೊಡುವ ಚುಚ್ಚುಮದ್ದೂ ಈ ಜಾತಿಯದೇ. ಎರಡೂ ಲಸಿಕೆ ಮಾಡುವ ಕೆಲಸ ಒಂದೇ. ಶತ್ರುವಿನ ಗುರುತನ್ನು ನಮ್ಮ ರಕ್ಷಣಾ ವ್ಯವಸ್ಥೆಗೆ ಮೊದಲೇ ತೋರಿಸಿಕೊಡುತ್ತವೆ. ಕೆಲವು ವಾರಗಳಲ್ಲಿ ಲಸಿಕೆಯ ಅಂಶ ಕರಗಿ ಹೋಗುತ್ತದೆ, ಉಳಿಯುವುದು ಮೈಯ ನೆನಪು ಮಾತ್ರ.

“ಅಷ್ಟು ಬೇಗ ಹೇಗೆ ತಯಾರು ಮಾಡಿದ್ರು? ಸರಿಯಾಗಿ ಪರೀಕ್ಷೆ ಮಾಡಿದ್ರಾ?” ಈ ಪ್ರಶ್ನೆ ನ್ಯಾಯವಾದದ್ದು, ಕೇಳಿದವರನ್ನು ಗದರಬಾರದು. 2ರಿಂದ 18 ವರ್ಷದವರಲ್ಲಿ ಕೋವ್ಯಾಕ್ಸಿನ್ ಪರೀಕ್ಷೆ ನಡೆದದ್ದು ಸುಮಾರು 525 ಮಕ್ಕಳ ಮೇಲೆ. ಲಸಿಕೆಗೆ ಮೈ ಸ್ಪಂದಿಸುತ್ತದೆಯೇ, ಸಾಮಾನ್ಯ ತೊಂದರೆಗಳೇನು ಎಂದು ತಿಳಿಯಲು ಅಷ್ಟು ಸಾಕು. ಲಕ್ಷಕ್ಕೊಬ್ಬರಿಗೆ ಆಗಬಹುದಾದ ತೊಂದರೆ ಮಾತ್ರ ಅಷ್ಟರಲ್ಲಿ ಕಾಣಿಸುವುದಿಲ್ಲ. ಅದನ್ನು ಹಿಡಿಯುವುದು ಅಭಿಯಾನ ಶುರುವಾದ ಮೇಲೆ ನಡೆಯುವ ನಿಗಾದಿಂದ. ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಿದ್ದುದು, ಆಮೇಲೆ ಏನಾದರೂ ಆದರೆ ತಿಳಿಸಿ ಎನ್ನುತ್ತಿದ್ದುದು ಅದಕ್ಕೇ.

ಈಗ ಹೃದಯದ ಮಾತು. ಲಸಿಕೆಗೂ ಹೃದಯಕ್ಕೂ ಸಂಬಂಧವೇ ಇಲ್ಲ ಎಂದು ಒಂದೇ ಏಟಿಗೆ ಹೇಳಿಬಿಡುವುದು ಸುಲಭ, ಆದರೆ ಪೂರ್ತಿ ನಿಜ ಹೇಳಿದರೇ ತಾಯಂದಿರಿಗೆ ನಂಬಿಕೆ ಬರುತ್ತದೆ. ಫೈಜರ್, ಮಾಡರ್ನಾದಂಥ ಎಂಆರ್‌ಎನ್‌ಎ ಲಸಿಕೆಗಳಿಂದ, ಮುಖ್ಯವಾಗಿ ಎರಡನೇ ಡೋಸ್ ಆದ ಕೆಲವೇ ದಿನಗಳಲ್ಲಿ, ಹದಿಹರೆಯದ ಹುಡುಗರಲ್ಲಿ ಮತ್ತು ಯುವಕರಲ್ಲಿ ಅಪರೂಪಕ್ಕೆ ಹೃದಯದ ಸ್ನಾಯು ಊದಿಕೊಂಡದ್ದುಂಟು. ಹೆಚ್ಚಿನವರು ಚೇತರಿಸಿಕೊಂಡರು. ಅಮೆರಿಕದಲ್ಲಿ, ಯುರೋಪಿನಲ್ಲಿ ಇದನ್ನು ಪತ್ತೆ ಹಚ್ಚಿ ಬಹಿರಂಗವಾಗಿಯೇ ಹೇಳಿದ್ದಾರೆ. ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಹಾಕಿದ್ದು ಆ ಬಗೆಯ ಲಸಿಕೆಯಲ್ಲ. ಅಲ್ಲಿಯ ಸುದ್ದಿಯ ತುಣುಕು ವಾಟ್ಸಾಪ್ ಹತ್ತಿ ಇಲ್ಲಿಗೆ ಬರುವಾಗ ಲಸಿಕೆಯ ಹೆಸರು ಉದುರಿಹೋಗಿ ಭಯ ಮಾತ್ರ ಉಳಿದಿರುತ್ತದೆ.

ಹಠಾತ್ ಸಾವುಗಳ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರ ಮೇಯಿಂದ ಆಗಸ್ಟ್‌ವರೆಗೆ 47 ಆಸ್ಪತ್ರೆಗಳಲ್ಲಿ ಅಧ್ಯಯನ ಮಾಡಿತು. ಆರೋಗ್ಯವಾಗಿಯೇ ಇದ್ದು ಇದ್ದಕ್ಕಿದ್ದಂತೆ ತೀರಿಕೊಂಡ 18ರಿಂದ 45ರ ವಯಸ್ಸಿನವರನ್ನು ಅದೇ ವಯಸ್ಸಿನ, ಅದೇ ಕಡೆಯ ಇತರರ ಜೊತೆ ಹೋಲಿಸಿ ನೋಡಿದರು. ಲಸಿಕೆ ಪಡೆದವರಲ್ಲಿ ಅಪಾಯ ಹೆಚ್ಚಿರಲಿಲ್ಲ. ಹೆಚ್ಚಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಕಂಡವರಲ್ಲಿ, ವಿಪರೀತ ಕುಡಿದವರಲ್ಲಿ, ಸಾವಿನ ಹಿಂದಿನ ಎರಡು ದಿನಗಳಲ್ಲಿ ಮಿತಿಮೀರಿ ದಣಿದವರಲ್ಲಿ. ಹಾಸನದ ಸುದ್ದಿಗಳ ಸಮಯದಲ್ಲಿ ನಮ್ಮ ರಾಜ್ಯದ ತಜ್ಞರ ಸಮಿತಿಯೂ ಲಸಿಕೆಗೂ ಅಕಾಲಿಕ ಹೃದ್ರೋಗಕ್ಕೂ ನೇರ ನಂಟು ಕಾಣಲಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದ ಕಡೆಗೇ ಅದು ಬೆರಳು ತೋರಿತು. ಇವೆಲ್ಲ ದೊಡ್ಡವರ ಮೇಲಿನ ಅಧ್ಯಯನಗಳು ಅನ್ನುವುದನ್ನೂ ಆ ತಾಯಿಗೆ ಹೇಳಿದೆ.

ಮಗನ ಹೃದಯದ ಬಗ್ಗೆ ನಿಜಕ್ಕೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳೇ ಬೇರೆ. ಓಡುವಾಗ, ಆಡುವಾಗ ತಲೆಸುತ್ತಿ ಬಿದ್ದಿದ್ದಾನಾ? ಶ್ರಮ ಪಟ್ಟಾಗ ಎದೆ ನೋವು ಅಂತಾನಾ? ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಹಠಾತ್ತನೆ ಹೋಗಿದ್ದಾರಾ? ಒಂದಕ್ಕೆ ಹೌದು ಎಂದರೂ, ಲಸಿಕೆ ಆಗಿರಲಿ ಬಿಡಲಿ, ಹೃದಯ ತಜ್ಞರಿಗೆ ತೋರಿಸಿ. ಈ ಹುಡುಗನಿಗೆ ಮೂರೂ ಇರಲಿಲ್ಲ. ವಾರಕ್ಕೆ ನಾಲ್ಕು ದಿನ ವಾಲಿಬಾಲ್ ಆಡುತ್ತಿದ್ದ.

ಹಾಗಾದರೆ ಮಕ್ಕಳಿಗೆ ಲಸಿಕೆ ಬೇಕಿತ್ತೇ? 2022ರ ಆರಂಭದಲ್ಲಿ ಬೇಕಿತ್ತು ಎಂದೇ ನಾನು ಈಗಲೂ ಹೇಳುತ್ತೇನೆ. ಮಕ್ಕಳಿಗೆ ಕೊರೋನಾ ಸಾಮಾನ್ಯವಾಗಿ ಹಗುರವಾಗಿ ಬಂದು ಹೋಗುತ್ತಿತ್ತು ನಿಜ. ಆದರೆ ಸೋಂಕು ಹೋಗಿ ಎರಡರಿಂದ ಆರು ವಾರದ ಮೇಲೆ ಕೆಲವು ಮಕ್ಕಳಿಗೆ ಬೇರೊಂದು ಕಾಯಿಲೆ ಬರುತ್ತಿತ್ತು. 2021ರ ಎರಡನೇ ಅಲೆಯ ನಂತರ ನಾನು ನೋಡಿದ 9 ವರ್ಷದ ಒಬ್ಬ ಹುಡುಗ ಇನ್ನೂ ಕಣ್ಣ ಮುಂದಿದ್ದಾನೆ. ಐದು ದಿನದಿಂದ ಇಳಿಯದ ಜ್ವರ, ಕೆಂಡದಂತೆ ಕೆಂಪಾದ ಕಣ್ಣು, ಹೊಟ್ಟೆ ನೋವು, ಬೆನ್ನ ಮೇಲೆ ದದ್ದು, ಮುಟ್ಟಿದರೆ ತಣ್ಣಗಿದ್ದ ಅಂಗಾಲು. ಕೈಯಲ್ಲಿ ನಾಡಿ ಸಿಗುತ್ತಲೇ ಇರಲಿಲ್ಲ. ಮನೆಯವರಿಗೆಲ್ಲ ತಿಂಗಳ ಹಿಂದೆ ಕೊರೋನಾ ಆಗಿತ್ತು, ಇವನಿಗೆ ಒಂದು ದಿನ ಮೈ ಬಿಸಿಯಾಗಿತ್ತಷ್ಟೆ. ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಇಮ್ಯುನೋಗ್ಲಾಬುಲಿನ್, ಸ್ಟೀರಾಯ್ಡ್ ಕೊಟ್ಟು ಉಳಿಸಿಕೊಂಡರು. ವೈರಸ್ಸನ್ನು ಓಡಿಸಿದ ಮೇಲೂ ಮೈಯ ಕಾವಲು ಪಡೆ ಸುಮ್ಮನಾಗದೆ ಹೃದಯ, ರಕ್ತನಾಳಗಳನ್ನೇ ಕೆಣಕುವ ಈ ಸ್ಥಿತಿ ಲಸಿಕೆ ಪಡೆದ ಹದಿಹರೆಯದವರಲ್ಲಿ ಕಡಿಮೆ ಕಾಣಿಸಿಕೊಂಡಿತು.

ಈಗ ಕಾಲ ಬದಲಾಗಿದೆ, ಸಲಹೆಯೂ ಬದಲಾಗಿದೆ. ಕೋವಿಡ್ ಇನ್ನು ಜಾಗತಿಕ ತುರ್ತುಸ್ಥಿತಿಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಅದಕ್ಕೂ ಮೊದಲೇ, ಮಾರ್ಚ್‌ನಲ್ಲಿ, ಆರು ತಿಂಗಳಿಂದ 17 ವರ್ಷದವರೆಗಿನ ಆರೋಗ್ಯವಂತ ಮಕ್ಕಳನ್ನು ಈ ಲಸಿಕೆಯ ಮಟ್ಟಿಗೆ ಕಡಿಮೆ ಆದ್ಯತೆಯ ಗುಂಪಿಗೆ ಅದರ ತಜ್ಞರು ಸೇರಿಸಿದ್ದರು. ಲಸಿಕೆ ಕೆಟ್ಟದು ಎಂದಲ್ಲ. ಬಹುಪಾಲು ಮಕ್ಕಳಿಗೆ ಸೋಂಕು ತಗಲಿ ಹೋಗಿ ಮೈಗೆ ವೈರಸ್ಸಿನ ಪರಿಚಯ ಆಗಿತ್ತು, ಬರುತ್ತಿದ್ದ ತಳಿಗಳೂ ಅವರಿಗೆ ಸೌಮ್ಯವಾಗಿದ್ದವು. ಹಾಗಾಗಿ ಎರಡು ಡೋಸ್ ಆದ ಮಗನಿಗೆ ಇನ್ನೇನೂ ಬೇಡ. ಒಂದೂ ಆಗದ, ಆರೋಗ್ಯವಾಗಿರುವ ಮಗಳಿಗಾಗಿ ಊರೂರು ಅಲೆದು ಲಸಿಕೆ ಹುಡುಕುವುದೂ ಬೇಡ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ, ಅಂಗ ಕಸಿಯಾದ, ತಿಂಗಳುಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಳ್ಳುವ, ಹೃದಯ, ಮೂತ್ರಪಿಂಡ, ಶ್ವಾಸಕೋಶದ ದೊಡ್ಡ ತೊಂದರೆಯಿರುವ ಮಕ್ಕಳ ಮಾತು ಬೇರೆ. ಅವರನ್ನು ನೋಡುತ್ತಿರುವ ವೈದ್ಯರ ಹತ್ತಿರ ಈ ವಿಷಯವನ್ನು ನೀವಾಗಿಯೇ ಎತ್ತಿ. ಫ್ಲೂ ಲಸಿಕೆಯ ಬಗ್ಗೆಯೂ ಆಗಲೇ ಕೇಳಿ.

ಮೊಮ್ಮಕ್ಕಳು ಅಮೆರಿಕದಲ್ಲಿರುವ ಅಜ್ಜ ಅಜ್ಜಿಯರೂ ನನ್ನನ್ನು ಕೇಳುತ್ತಾರೆ. ಅಲ್ಲಿಯ ಮಕ್ಕಳ ವೈದ್ಯರ ಸಂಘ 2025ರ ಆಗಸ್ಟ್‌ನಲ್ಲಿ 6ರಿಂದ 23 ತಿಂಗಳ ಎಲ್ಲ ಕೂಸುಗಳಿಗೂ ಈ ಲಸಿಕೆ ಇರಲಿ ಎಂದಿತು, ಏಕೆಂದರೆ ದೊಡ್ಡ ಮಕ್ಕಳಿಗಿಂತ ಆ ಕೂಸುಗಳೇ ಹೆಚ್ಚಾಗಿ ಆಸ್ಪತ್ರೆ ಸೇರುತ್ತಿದ್ದವು. ಮಗು ಇರುವ ದೇಶದ ವೈದ್ಯರ ಮಾತನ್ನು ಕೇಳಿ, ಇಲ್ಲಿಂದ ಫೋನಿನಲ್ಲಿ ಬೇಡವೆನ್ನಬೇಡಿ.

ಹೊಸ ತಳಿ ಬಂತು ಎಂಬ ಸುದ್ದಿ ಬಂದಾಗಲೆಲ್ಲ ತಳಿಯ ಹೆಸರಿನ ಬೆನ್ನು ಹತ್ತುವುದಕ್ಕಿಂತ ಮಗುವಿನ ಉಸಿರು ನೋಡುವುದನ್ನು ಕಲಿತರೆ ಉಪಯೋಗ ಹೆಚ್ಚು. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತಾ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನ ಮಗುವಿಗೆ 50, ಐದು ವರ್ಷದವರೆಗೆ 40. ಅಷ್ಟು ಮುಟ್ಟಿದರೆ ಅಥವಾ ದಾಟಿದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲು ನೀರು ಬಿಟ್ಟು ಮಂಪರಾಗಿದ್ದರೆ, ಬೆಳಗಾಗಲಿ ಎಂದು ಕಾಯದೆ ಹೊರಡಿ.

ಮಾತು ಮುಗಿಯಿತು ಎಂದುಕೊಂಡು ಅವರು ಏಳುವಾಗ ನಾನು ಕೇಳಿದೆ, “ತಾಯಿ ಕಾರ್ಡ್ ತಂದಿದ್ದೀರಾ?” ತಂದಿದ್ದರು. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ಕಾರ್ಡು, ಮಡಿಕೆಗಳಲ್ಲಿ ಸವೆದು ಅಂಚು ಹರಿದಿತ್ತು. ಮಗಳ ಕಾರ್ಡಿನಲ್ಲಿ ಹುಟ್ಟಿದ ದಿನದ ಬಿಸಿಜಿಯಿಂದ ಹಿಡಿದು ಒಂದೂವರೆ ವರ್ಷದವರೆಗೆ ಒಂದೊಂದು ಚೌಕದಲ್ಲೂ ನರ್ಸಮ್ಮನ ನೀಲಿ ಪೆನ್ನಿನ ತಾರೀಖು. 2017ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಾ ಅಭಿಯಾನ ನಮ್ಮಲ್ಲಿ ನಡೆದಾಗ, ಮಕ್ಕಳಾಗುವುದಿಲ್ಲವಂತೆ, ಬೇಡ ಎಂಬ ಗಾಳಿಮಾತು ಫೋನಿನಿಂದ ಫೋನಿಗೆ ಓಡಾಡಿತ್ತು. ಆಗಲೂ ಈ ತಾಯಿ ಇಬ್ಬರಿಗೂ ಹಾಕಿಸಿದ್ದರು. ಆದರೆ ಐದು ವರ್ಷಕ್ಕೆ ಕೊಡುವ ಡಿಪಿಟಿ ಬೂಸ್ಟರ್‌ನ ಚೌಕ ಖಾಲಿ. ಅದು 2020, ಲಾಕ್‌ಡೌನಿನ ವರ್ಷ. ಬಸ್ಸಿಲ್ಲ, ಆಸ್ಪತ್ರೆಗೆ ಹೋಗಲು ಭಯ. ಆಮೇಲೆ ಮರೆತೇ ಹೋಯಿತು.

ಕೊರೋನಾ ಸೂಜಿಯ ಚಿಂತೆಯಲ್ಲಿ ಯಾರ ಕಣ್ಣಿಗೂ ಬೀಳದ ಈ ಖಾಲಿ ಚೌಕವೇ ನನ್ನನ್ನು ಹೆಚ್ಚು ಕಾಡುವುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿನಂತೆ 2021ರಲ್ಲಿ ಭಾರತದಲ್ಲಿ ಡಿಪಿಟಿಯ ಮೊದಲ ಡೋಸೂ ಕಾಣದ ಕೂಸುಗಳು ಸುಮಾರು 27 ಲಕ್ಷ. ಮರುವರ್ಷ ಅದು 11 ಲಕ್ಷಕ್ಕೆ ಇಳಿಯಿತು. ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರು, ನರ್ಸಮ್ಮಂದಿರ ಬೆವರಿನ ಫಲ ಅದು. ಅಷ್ಟರಲ್ಲಿ 2022ರ ಕೊನೆಗೆ ಮುಂಬೈಯಲ್ಲಿ ದಡಾರ ಎದ್ದು ಮಕ್ಕಳನ್ನು ಬಲಿ ತೆಗೆದುಕೊಂಡಿತ್ತು. ಲಸಿಕೆ ಇಲ್ಲದವರ ನಡುವೆ ಒಬ್ಬ ದಡಾರದ ರೋಗಿ 12ರಿಂದ 18 ಜನಕ್ಕೆ ಹಂಚಬಲ್ಲ. ಗಂಟಲಲ್ಲಿ ಬೂದು ಪೊರೆ ಕಟ್ಟಿ ಉಸಿರು ತಡೆಯುವ ಗಂಟಲುಮಾರಿ ಕೂಡ ನಮ್ಮ ರಾಜ್ಯ ಬಿಟ್ಟು ಪೂರ್ತಿ ಹೋಗಿಲ್ಲ.

ಏಳು ವರ್ಷ ದಾಟಿದ ಮೇಲೆ ಡಿಪಿಟಿ ಹಾಕುವುದಿಲ್ಲ. ಹಾಗಾಗಿ ಮಗಳ ಆ ಚೌಕ ಖಾಲಿಯೇ ಉಳಿಯುತ್ತದೆ. ಆದರೆ ಎಳವೆಯ ಡೋಸುಗಳೆಲ್ಲ ಆಗಿರುವುದರಿಂದ 10ನೇ ವರ್ಷದ ಟಿಡಿ ಚುಚ್ಚುಮದ್ದು ಧನುರ್ವಾಯು, ಗಂಟಲುಮಾರಿಯ ವಿರುದ್ಧ ಮೈಯ ನೆನಪನ್ನು ಮತ್ತೆ ಎಬ್ಬಿಸುತ್ತದೆ. ಮಗನಿಗೆ 16ರ ಟಿಡಿ ಬಾಕಿಯಿತ್ತು. ಎರಡೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಸಿಗುತ್ತವೆ.

ಇದನ್ನು ಕೇಳಿ ತಾಯಿ ಮತ್ತೆ ಬೆಂಚಿನ ಕಡೆ ನೋಡಿದರು. ಸ್ಕೂಲಲ್ಲಿ ಕೊರೋನಾ ಸೂಜಿ ಹಾಕಿಸಿಕೊಂಡ ದಿನ ಮಗ ಬೆವೆತು ಬಿದ್ದುಬಿಟ್ಟಿದ್ದನಂತೆ. ಲಸಿಕೆಯಿಂದಲೇ ಹೃದಯಕ್ಕೆ ಪೆಟ್ಟಾಗಿರಬೇಕು ಎಂಬ ಅನುಮಾನ ಹುಟ್ಟಿದ್ದು ಅಲ್ಲಿ. ಓಡುವಾಗ ಬೀಳುವುದು ಬೇರೆ, ಸೂಜಿ ಕಂಡು ಬೀಳುವುದು ಬೇರೆ. ಬೆಳೆಯುವ ವಯಸ್ಸಿನಲ್ಲಿ ಸೂಜಿಯ ಭಯಕ್ಕೆ ನಾಡಿ ನಿಧಾನವಾಗಿ, ರಕ್ತದೊತ್ತಡ ಇಳಿದು, ಕಣ್ಣು ಕತ್ತಲೆ ಬರುವುದು ಸಾಮಾನ್ಯ. ಸಾಲಿನಲ್ಲಿ ಒಬ್ಬ ಬಿದ್ದರೆ ನೋಡಿದ ನಾಲ್ವರಿಗೂ ಹಾಗೇ ಆಗಬಹುದು. ಮಲಗಿಸಿ ಕಾಲು ಸ್ವಲ್ಪ ಎತ್ತಿ ಹಿಡಿದರೆ ಎರಡು ನಿಮಿಷದಲ್ಲಿ ಸರಿಹೋಗುತ್ತದೆ. ಹಸಿದ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ, ಮಲಗಿಸಿಯೇ ಹಾಕಿ ಎಂದು ನರ್ಸಮ್ಮನಿಗೆ ಮೊದಲೇ ಹೇಳಿ ಎಂದೆ.

ಮುಂದಿನ ಗುರುವಾರ ಸಂಜೆ ನನ್ನ ಫೋನಿಗೆ ಒಂದು ಫೋಟೋ ಬಂತು. ಅದೇ ಸವೆದ ಕಾರ್ಡು, ಟಿಡಿಯ ಸಾಲಿನಲ್ಲಿ ಇನ್ನೂ ಒಣಗದ ನೀಲಿ ಶಾಯಿಯ ತಾರೀಖು. ಕೆಳಗೆ ಬರೆದಿದ್ದರು: “ಇಬ್ಬರಿಗೂ ಆಯ್ತು ಡಾಕ್ಟ್ರೇ. ಇಡ್ಲಿ ತಿನ್ನಿಸ್ಕೊಂಡು ಹೋಗಿದ್ದೆ. ಬೀಳ್ಲಿಲ್ಲ.”