ಬಂಡೆ ಏರಬೇಕೇ? ಮೊದಲು ಭಾರ ಕೆಳಗಿಳಿಸಿ

ಪ್ರಶ್ನೆ: ಸರ್, ನನ್ನ 1:10 ಅಳತೆಯ ರಿಮೋಟ್ ಕ್ರಾಲರ್ ಹೊಳೆಬದಿಯ ಬಂಡೆ ಏರುವಾಗ ಹಿಂದಕ್ಕೆ ಮಗುಚುತ್ತದೆ. ದೊಡ್ಡ ಮೋಟರ್ ಹಾಕಲೇ?
– ಓದುಗ, ಕಡಬ

ಉತ್ತರ: ಈಗಲೇ ಬೇಡ. ಭಾರ ಮೇಲೆ ಮತ್ತು ಹಿಂದೆ ಇದ್ದರೆ ಗಾಡಿ ಮಗುಚುತ್ತದೆ. ಬ್ಯಾಟರಿಯನ್ನು ಮುಂದಕ್ಕೆ, ಆದಷ್ಟು ಕೆಳಗೆ ಕೂರಿಸಿ. ಮುಂದಿನ ಆಕ್ಸಲ್‌ಗೆ ಹಿತ್ತಾಳೆಯ ತೂಕ ಸೇರಿಸಿ. ಮೇಲಿನ ಕ್ಯಾರಿಯರ್ ತೆಗೆಯಿರಿ. ಆಮೇಲೆ ಮೆತ್ತನೆ ರಬ್ಬರಿನ ಟಯರ್ ಹಾಕಿ, ಕುಮಾರಧಾರಾ ಹೊಳೆಯ ನುಣುಪು ಬಂಡೆಯಲ್ಲಿ ಹಿಡಿತ ಸಿಗುತ್ತದೆ. ಮೂರನೆಯದು ಲೋಹದ ಗೇರಿನ ಸರ್ವೊ: ಡಿಫರೆನ್ಷಿಯಲ್ ಲಾಕ್ ಆಗಿರುವಾಗ ಚಕ್ರವನ್ನು ಎಡಬಲಕ್ಕೆ ತಿರುಗಿಸಲು ಹೆಚ್ಚು ಬಲ ಬೇಕು. ಲಿಪೊ ಬ್ಯಾಟರಿಯ ಯಾವ ಸೆಲ್ಲೂ 3.2 ವೋಲ್ಟ್‌ಗಿಂತ ಕೆಳಗಿಳಿಯದಿರಲಿ. ಗಾಡಿ ನೀರಿಗಿಳಿದರೆ ಬೇರಿಂಗ್ ಒಣಗಿಸಿ ಎಣ್ಣೆ ಬಿಡಿ. ಮಳೆಗಾಲದಲ್ಲಿ ಹೊಳೆಗೆ ಹೋಗಲೇಬೇಡಿ. ಅಂಗಳದಲ್ಲೇ ಮುರಕಲ್ಲು ಜೋಡಿಸಿ ಅಭ್ಯಾಸ ಮಾಡಿ.