ಹಿನ್ನೀರಿನ ಫೋಟೊ ವಿಮರ್ಶೆ: ಮಾಡಬೇಕಾದ್ದು, ಮಾಡಬಾರದ್ದು

ಲಿಂಗನಮಕ್ಕಿ ಹಿನ್ನೀರಿನ ದೃಶ್ಯದಲ್ಲಿ ಮನುಷ್ಯರೂ ಇರುವ ಫೋಟೊಗಳನ್ನು ಮುಂದಿಟ್ಟುಕೊಂಡು ಮಾತಾಡುವ ಎಲ್ಲರಿಗೂ ಈ ಸೂಚನೆ. ಫೋಟೊ ತೋರಿಸುವವರಿಗೂ, ಟೀಕೆ ಹೇಳುವವರಿಗೂ.

"ಇನ್ನು ನಾಲ್ಕು ಹೆಜ್ಜೆ ನೀರಿಗಿಳಿಸಿದ್ದರೆ ಚಿತ್ರ ಎದ್ದು ಬರುತ್ತಿತ್ತು" ಎಂದು ಇವತ್ತು ನೀವು ಹೇಳಿದರೆ, ನಾಳೆ ಯಾರನ್ನೋ ಇಳಿಸುತ್ತಾರೆ. ಕೆಳಗೆ ಕೆಸರಿದೆ, 1964ರಲ್ಲಿ ಅಣೆಕಟ್ಟು ಎದ್ದಾಗ ಮುಳುಗಿದ ಕಾಡಿನ ಬೊಡ್ಡೆಗಳಿವೆ. ಕಾಲು ಸಿಕ್ಕಿಕೊಂಡರೆ ಸಾವು.

ಮಾಡಬೇಕಾದ್ದು

ತೋರಿಸುವವರು:
• ಜಾಗ, ತಿಂಗಳು ಹೇಳಿ. ಜಲಾಶಯದ ಭರ್ತಿ ಮಟ್ಟ 1819 ಅಡಿ. ಬೇಸಿಗೆಯಲ್ಲಿ ನೀರು ತೀರಾ ತಗ್ಗಿದರೆ ಮುಳುಗಿರುವ ಮಡೆನೂರಿನ ಹಳೇ ಅಣೆಕಟ್ಟೇ ಮೇಲೆ ಕಾಣುತ್ತದೆ. ಎರಡೂ ಒಂದೇ ಜಲಾಶಯದ ಚಿತ್ರವೆಂದು ನೋಡುವವರಿಗೆ ತಿಳಿಯುವುದಿಲ್ಲ.
• ಚಿತ್ರದಲ್ಲಿರುವವರು ತಾವಾಗಿ ಅಲ್ಲಿದ್ದರೋ, ನೀವು ನಿಲ್ಲಿಸಿದಿರೋ ತಿಳಿಸಿ.
• ಮುಖ ಗುರುತು ಸಿಗುವಂತಿದ್ದರೆ ಅವರ ಒಪ್ಪಿಗೆ ಪಡೆಯಿರಿ.
• ದೋಣಿ, ಹಕ್ಕಿ, ಮಂಜು ಆಮೇಲೆ ಸೇರಿಸಿದ್ದರೆ ಮೊದಲೇ ಹೇಳಿ.
• ಟೀಕೆ ಮುಗಿಯುವವರೆಗೆ ಕೇಳಿ.

ಹೇಳುವವರು:
• ಮೊದಲು ಮನುಷ್ಯರನ್ನು ನೋಡಿ: ಬಲೆ ಬಿಡುತ್ತಿದ್ದಾರೋ, ದಡಕ್ಕೆ ಮರಳುತ್ತಿದ್ದಾರೋ.
• ತಪ್ಪಿನ ಮೇಲೆ ಬೆರಳಿಡಿ. ಮೀನು ಹಿಡಿಯುವವರ ತಲೆಯ ಮೇಲೆಯೇ ಒಣಮರ ಬೆಳೆದಂತೆ ಕಾಣುತ್ತಿದೆಯೇ? ದೋಣಿಯ ಹುಟ್ಟು, ಬೊಡ್ಡೆಗಳ ಸಾಲಿನಲ್ಲಿ ಮರೆಯಾಗಿದೆಯೇ? ನೀರಿನ ಗೆರೆ ಕುತ್ತಿಗೆಯನ್ನು ಕತ್ತರಿಸಿದೆಯೇ?
• ಪರಿಹಾರವನ್ನು ಕ್ಯಾಮೆರಾದ ಕಡೆಯಿಂದಲೇ ಹೇಳಿ. ಫೋಟೊ ತೆಗೆಯುವವರು ದಡದ ಮೇಲೆ ಎರಡು ಹೆಜ್ಜೆ ಸರಿದರೆ ತಲೆ ಬೊಡ್ಡೆಯಿಂದ ಬಿಡಿಸಿಕೊಳ್ಳುತ್ತದೆ. ದಿಬ್ಬ ಹತ್ತಿದರೆ ನೀರಿನ ಗೆರೆ ತಲೆಗಿಂತ ಮೇಲೆ ಹೋಗುತ್ತದೆ. ಅದೂ ಆಗದಿದ್ದರೆ, ದೋಣಿ ಬಯಲಿಗೆ ಬರುವವರೆಗೆ ಕಾಯಲು ಹೇಳಿ.
• ಗಿರೀಶ ಕಾಸರವಳ್ಳಿಯವರ 'ದ್ವೀಪ' (2002) ನೋಡಿ. ಸಾಗರದ ನಾ. ಡಿಸೋಜರ ಕಾದಂಬರಿ ಆಧರಿಸಿದ ಸಿನಿಮಾ; ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಏರುವ ನೀರಿನ ಜೊತೆ ಮನುಷ್ಯರನ್ನು ಹೇಗೆ ತೋರಿಸಬೇಕೆಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಪಾಠ ಅದು.

ಮಾಡಬಾರದ್ದು

• ಯಾರನ್ನೂ ನೀರಿಗಿಳಿಸುವ ಸಲಹೆ ಬೇಡ.
• ಬೊಡ್ಡೆ ಹತ್ತಿಸುವ ಸಲಹೆ ಬೇಡ.
• ಬಿರುಕುಬಿಟ್ಟ ನೆಲವನ್ನು ನಂಬುವುದು ಬೇಡ. ಮೇಲೆ ಹೆಂಟೆ, ಅಡಿಯಲ್ಲಿ ಹಸಿ ಕೆಸರು.
• ಫೋಟೊಗಾಗಿ ಲೈಫ್ ಜಾಕೆಟ್ ಬಿಚ್ಚಿಸಬಾರದು. "ಕಿತ್ತಳೆ ಬಣ್ಣ ಕಣ್ಣಿಗೆ ಹೊಡೆಯುತ್ತದೆ" ಎಂಬ ಟೀಕೆಯೂ ಬೇಡ.
• ಸ್ನಾನ ಮಾಡುವವರ, ಬಟ್ಟೆ ಒಗೆಯುವವರ ಚಿತ್ರವನ್ನು ಕದ್ದು ತೆಗೆಯಬಾರದು. ತೆಗೆದು ತಂದರೆ ಚರ್ಚೆಗೆ ಇಡುವುದು ಬೇಡ.
• ಮುಳುಗಡೆಯವರ ಚಿತ್ರಕ್ಕೆ "ಸ್ವರ್ಗ" ಎಂಬ ಶೀರ್ಷಿಕೆ ಬೇಡ. ಈ ನೀರಿಗೆ ಮನೆ, ಗದ್ದೆ ಕೊಟ್ಟ ಕುಟುಂಬಗಳು ಇನ್ನೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ.
• ಹೊಳೆಬಾಗಿಲಿನ ಲಾಂಚಿನ ಹಳೇ ಚಿತ್ರವನ್ನು ಇವತ್ತಿನದೆಂದು ತೋರಿಸಬಾರದು. ಲಾಂಚ್ ದಾಟುತ್ತಿದ್ದ ಕಡೆ 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆಯಾಗಿದೆ.
• "ಸೂಪರ್" ಎಂದಷ್ಟೇ ಹೇಳಿ ಏಳುವುದು ಬೇಡ.
• ತೆಗೆದವರ ಜಾತಿ, ಊರು, ಕ್ಯಾಮೆರಾದ ಬೆಲೆ ಎತ್ತಬಾರದು.
• ಟೀಕೆಯ ಪ್ರತಿ ಮಾತಿಗೂ ತೋರಿಸುವವರ ಸಮಜಾಯಿಷಿ ಬೇಡ.
• ಅನುಮತಿಯಿಲ್ಲದೆ ಅಣೆಕಟ್ಟಿನ ಮೇಲೆ ಡ್ರೋನ್ ಹಾರಿಸಬಾರದು. ಹಾಗೆ ತೆಗೆದ ಚಿತ್ರಕ್ಕೆ ವಿಮರ್ಶೆಯೂ ಬೇಡ.