ಸಿಯಾಟಲ್ ನಗರದ ಗ್ರಂಥಭವನ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವಾಯವ್ಯ ತುದಿಯಲ್ಲಿ, ಶಾಂತಸಾಗರದಿಂದ ನೆಲದೊಳಕ್ಕೆ ಚಾಚಿಕೊಂಡ ಕಡಲತೋಳಿನ ದಡದ ಮೇಲೆ ಸಿಯಾಟಲ್ ನಗರವಿದೆ. ಮರದ ವ್ಯಾಪಾರದಿಂದ ಬೆಳೆದ ಊರು ಅದು. ಮುಂದೆ ವಿಮಾನಗಳ ತಯಾರಿಕೆಗೂ ಗಣಕಯಂತ್ರಗಳ ಉದ್ಯಮಕ್ಕೂ ಹೆಸರಾಯಿತು. ಆ ನಗರದ ನಟ್ಟನಡುವೆ, ಇಳಿಜಾರಾದ ಒಂದೇ ನಿವೇಶನದಲ್ಲಿ, ನೂರು ವರ್ಷಗಳೊಳಗೆ ಒಂದರ ನಂತರ ಒಂದರಂತೆ ಮೂರು ಸಾರ್ವಜನಿಕ ಗ್ರಂಥಾಲಯಗಳು ಎದ್ದವು. ಮೂರನೆಯದು ಇಂದಿಗೂ ನಿಂತಿದೆ. ಅದರ ವಿಲಕ್ಷಣ ಆಕಾರವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಆದರೆ ಅದಕ್ಕೆ ಹಣ ಕೂಡಿಬಂದ ಬಗೆಯೂ ಆಕಾರದಷ್ಟೇ ಕುತೂಹಲಕರವಾದುದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಗರದ ಪುಸ್ತಕಗಳೆಲ್ಲ ಯೆಸ್ಲರ್ ಎಂಬ ಹಳೆಯ ಸಿರಿವಂತನ ಮರದ ಮಹಲಿನಲ್ಲಿದ್ದುವು. 1901ರ ಜನವರಿ ಮೊದಲಲ್ಲಿ ಒಂದು ರಾತ್ರಿ ಆ ಮಹಲಿಗೆ ಬೆಂಕಿ ಬಿದ್ದಿತು. ಸುಮಾರು 25,000 ಗ್ರಂಥಗಳು ಬೂದಿಯಾದವು. ಉಳಿದುಕೊಂಡವುಗಳಲ್ಲಿ ಹೆಚ್ಚಿನವು, ಓದುಗರು ಎರವಲು ಪಡೆದು ಮನೆಗೆ ಒಯ್ದಿದ್ದ ಪುಸ್ತಕಗಳು! ಆ ಸಂದರ್ಭದಲ್ಲಿ ನೆರವಿಗೆ ಬಂದವನು ಆಂಡ್ರ್ಯೂ ಕಾರ್ನೆಗಿ. ಸ್ಕಾಟ್ಲೆಂಡಿನ ಬಡ ನೇಕಾರನ ಮಗನಾಗಿ ಹುಟ್ಟಿ, ಅಮೆರಿಕೆಯಲ್ಲಿ ಉಕ್ಕಿನ ಉದ್ಯಮದಿಂದ ಅಪಾರ ಸಂಪತ್ತನ್ನು ಗಳಿಸಿದ ಈತನು, ಜಗತ್ತಿನ ನಾನಾ ಕಡೆ 2,500ಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಕಟ್ಟಿಸಲು ಹಣ ಕೊಟ್ಟನು. ಸಿಯಾಟಲಿಗೆ 2,00,000 ಡಾಲರುಗಳನ್ನು ಕೊಡಲು ಅವನು ಒಪ್ಪಿದನು. ಆದರೆ ಒಂದು ಷರತ್ತು: ನಿವೇಶನವನ್ನು ನಗರವೇ ಒದಗಿಸಬೇಕು, ಅಲ್ಲದೆ ಗ್ರಂಥಾಲಯವನ್ನು ನಡೆಸಲು ವರ್ಷಂಪ್ರತಿ 50,000 ಡಾಲರುಗಳನ್ನು ತನ್ನ ಬೊಕ್ಕಸದಿಂದ ವೆಚ್ಚ ಮಾಡಬೇಕು. ಕಟ್ಟಡವನ್ನು ಕಟ್ಟಿ ಕೈತೊಳೆದುಕೊಂಡರೆ ಸಾಲದು, ಪುಸ್ತಕ ಕೊಳ್ಳಲು, ಸಿಬ್ಬಂದಿಗೆ ಸಂಬಳ ಕೊಡಲು, ದೀಪ ಉರಿಸಲು ಪ್ರತಿವರ್ಷವೂ ಹಣ ಬೇಕೆಂಬುದು ಆ ವ್ಯವಹಾರಕುಶಲನಿಗೆ ಚೆನ್ನಾಗಿ ತಿಳಿದಿತ್ತು. ನಗರವು ಒಪ್ಪಿತು. 1906ರಲ್ಲಿ ಆ ಕಲ್ಲಿನ ಭವನದ ಬಾಗಿಲು ತೆರೆಯಿತು.

ಅರ್ಧ ಶತಮಾನದಲ್ಲಿ ಅದೂ ಇಕ್ಕಟ್ಟಾಯಿತು. 1957ರಲ್ಲಿ ಅದನ್ನು ಕೆಡವಿ, 1960ರಲ್ಲಿ ಅದೇ ಸ್ಥಳದಲ್ಲಿ ಎರಡನೆಯ ಕಟ್ಟಡವನ್ನು ತೆರೆದರು. 1990ರ ದಶಕದ ವೇಳೆಗೆ ಇದಕ್ಕೂ ಅದೇ ಗತಿ ಬಂದೊದಗಿತು. ಗ್ರಂಥಗಳ ಬಹುಭಾಗವು ಓದುಗರ ಕೈಗೆಟುಕದ ಉಗ್ರಾಣಗಳಲ್ಲಿ ಬಿದ್ದಿತ್ತು. ಹೊಸದಾಗಿ ಬಂದ ಗಣಕಯಂತ್ರಗಳಿಗೆ ಎಡೆಯಿರಲಿಲ್ಲ.

ಈಗ ಕಾರ್ನೆಗಿಯಿರಲಿಲ್ಲ. ನಗರವೇ ಸಾಲ ಮಾಡಬೇಕಾಗಿತ್ತು. ಇಂತಹ ಸಾಲದ ಕ್ರಮ ಹೀಗೆ: ನಗರಾಡಳಿತವು ಸಾಲಪತ್ರಗಳನ್ನು ಹೊರಡಿಸುತ್ತದೆ. ಹಣವುಳ್ಳವರು ಅವನ್ನು ಕೊಂಡು ನಗರಕ್ಕೆ ಹಣ ಕೊಡುತ್ತಾರೆ. ನಗರವು ಅನೇಕ ವರ್ಷಗಳ ಕಾಲ ಅಸಲನ್ನೂ ಬಡ್ಡಿಯನ್ನೂ ತೀರಿಸುತ್ತ ಹೋಗುತ್ತದೆ. ಅದಕ್ಕಾಗಿ ಮನೆ, ನಿವೇಶನಗಳ ಮೇಲಿನ ತೆರಿಗೆಯನ್ನು ಏರಿಸಲಾಗುತ್ತದೆ. ಕರ್ನಾಟಕದಲ್ಲಿಯೂ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ವಸೂಲು ಮಾಡುವ ಪದ್ಧತಿಯುಂಟು. ಅದು ಶಾಸನಸಭೆಯು ವಿಧಿಸಿದ ಕರ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಾದರೋ, ಇಂತಹ ಸಾಲಕ್ಕೂ ಅದಕ್ಕಾಗಿ ಏರುವ ತೆರಿಗೆಗೂ ಮತದಾರರೇ ಮತಪೆಟ್ಟಿಗೆಯ ಮೂಲಕ ಸಮ್ಮತಿಯನ್ನು ಕೊಡಬೇಕು. ಬರಿಯ ಬಹುಮತವೂ ಸಾಲದು. ನೂರಕ್ಕೆ ಅರುವತ್ತು ಮಂದಿಯಾದರೂ ಒಪ್ಪಬೇಕು.

1994ರಲ್ಲಿ 15 ಕೋಟಿ 50 ಲಕ್ಷ ಡಾಲರುಗಳ ಸಾಲದ ಪ್ರಸ್ತಾಪವನ್ನು ಜನರ ಮುಂದೆ ಇಟ್ಟರು. ಅರ್ಧಕ್ಕಿಂತ ಹೆಚ್ಚು ಮಂದಿ ಬೇಕೆಂದರು. ಆದರೂ ಅರುವತ್ತರ ಗಡಿಯನ್ನು ಮುಟ್ಟದ ಕಾರಣ ಪ್ರಸ್ತಾಪ ಬಿದ್ದುಹೋಯಿತು. ಹೆಚ್ಚು ಮಂದಿ ಬೇಕೆಂದುದು ಬೀಳುವುದು ಅನ್ಯಾಯವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಒಂದು ತಲೆಮಾರಿನ ಹೆಗಲಮೇಲೆ ಕೂರುವ ಸಾಲವನ್ನು ಅಷ್ಟು ಸುಲಭವಾಗಿ ಎತ್ತಬಾರದೆಂಬ ಎಚ್ಚರಿಕೆಯೂ ಆ ನಿಯಮದಲ್ಲಿದೆ.

1997ರಲ್ಲಿ ಡೆಬೊರಾ ಜೇಕಬ್ಸ್ ಎಂಬಾಕೆ ನಗರದ ಮುಖ್ಯ ಗ್ರಂಥಪಾಲಕಿಯಾಗಿ ಬಂದರು. ನಗರಮಧ್ಯದಲ್ಲಿ ಭವ್ಯ ಭವನವೊಂದು ಎದ್ದರೆ ಹತ್ತು ಮೈಲಿಯಾಚೆಯ ಬಡಾವಣೆಯಲ್ಲಿ ವಾಸಿಸುವ ತೆರಿಗೆದಾರನಿಗೆ ಏನು ಲಾಭ? ಈ ಪ್ರಶ್ನೆ ಸಹಜವಾದುದು. ಅದಕ್ಕೆ ಮಾತಿನಲ್ಲಲ್ಲ, ಯೋಜನೆಯಲ್ಲಿಯೇ ಉತ್ತರ ಕೊಡಬೇಕಾಗಿತ್ತು. ಜೇಕಬ್ಸ್ ಮತ್ತು ಅವರ ಸಂಗಡಿಗರು ಬಡಾವಣೆಯಿಂದ ಬಡಾವಣೆಗೆ ಹೋಗಿ ಸಭೆ ಕೂಡಿಸಿ ಜನರ ಬೇಡಿಕೆಗಳನ್ನು ಕೇಳಿದರು. ಹೊಸ ಯೋಜನೆಗೆ ‘ಎಲ್ಲರಿಗೂ ಗ್ರಂಥಾಲಯ’ ಎಂಬ ಅರ್ಥದ ಹೆಸರನ್ನಿಟ್ಟರು. ಕೇಂದ್ರಭವನದ ಜೊತೆಗೆ ನಗರದ ಶಾಖಾ ಗ್ರಂಥಾಲಯಗಳೆಲ್ಲವೂ ದುರಸ್ತಿಯಾಗಬೇಕು ಅಥವಾ ವಿಸ್ತಾರವಾಗಬೇಕು. ಗ್ರಂಥಾಲಯವಿಲ್ಲದ ಬಡಾವಣೆಗಳಿಗೆ ಹೊಸ ಶಾಖೆಗಳು ಬರಬೇಕು. ಈ ಸಲ ಕೇಳಿದ ಮೊತ್ತ ಹಿಂದಿಗಿಂತ ದೊಡ್ಡದು: 19 ಕೋಟಿ 64 ಲಕ್ಷ ಡಾಲರು. ಆದರೂ 1998ರ ನವೆಂಬರಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮತಗಳು ಪರವಾಗಿ ಬಿದ್ದುವು. ಚಿಕ್ಕ ಮೊತ್ತವನ್ನು ನಿರಾಕರಿಸಿದ ನಗರವೇ ನಾಲ್ಕು ವರ್ಷಗಳಲ್ಲಿ ದೊಡ್ಡ ಮೊತ್ತಕ್ಕೆ ಒಪ್ಪಿಗೆಯಿತ್ತಿತು.

ಸಾಲದ ಹಣದ ಜೊತೆಗೆ ದಾನವೂ ಸೇರಿತು. ಗಣಕಯಂತ್ರದ ಉದ್ಯಮದಿಂದ ಹೆಸರಾದ ಬಿಲ್ ಗೇಟ್ಸ್ ದಂಪತಿಗಳ ಪ್ರತಿಷ್ಠಾನ ಎರಡು ಕೋಟಿ ಡಾಲರುಗಳನ್ನು ಕೊಟ್ಟಿತು. ಗೇಟ್ಸರ ಹಳೆಯ ಸಂಗಾತಿ ಪಾಲ್ ಆಲೆನ್ ಅಷ್ಟೇ ಹಣವನ್ನು ಕೊಟ್ಟರು. ಆಲೆನ್ನರ ತಂದೆ ಅದೇ ಊರಿನ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಅಧಿಕಾರಿಯಾಗಿದ್ದವರು.

ಹಾಲೆಂಡಿನ ವಾಸ್ತುಶಿಲ್ಪಿ ರೆಮ್ ಕೂಲ್‌ಹಾಸ್, ಸಿಯಾಟಲಿನವರೇ ಆದ ಜೋಷುವಾ ಪ್ರಿನ್ಸ್ ರಾಮಸ್ ಮತ್ತು ಅವರ ಸಹೋದ್ಯೋಗಿಗಳು 1999ರಲ್ಲಿ ಈ ಕೆಲಸಕ್ಕೆ ಆಯ್ಕೆಯಾದರು. ಅವರು ಕೂಡಲೇ ನಕ್ಷೆ ಬರೆಯತೊಡಗಲಿಲ್ಲ. ಮೊದಲ ಕೆಲವು ತಿಂಗಳುಗಳನ್ನು ಗ್ರಂಥಪಾಲಕರ ಜೊತೆಯಲ್ಲಿ ಅಧ್ಯಯನಕ್ಕೆಂದೇ ಕಳೆದರು. ಗ್ರಂಥಾಲಯವೆಂದರೆ ಪುಸ್ತಕಗಳ ಮನೆಯೆಂದು ಎಲ್ಲರೂ ಭಾವಿಸುವರಷ್ಟೆ. ಲೆಕ್ಕ ಹಾಕಿ ನೋಡಿದಾಗ ಪುಸ್ತಕಗಳಿಗೆ ಬೇಕಾದದ್ದು ಜಾಗದ ಮೂರನೆಯ ಒಂದು ಭಾಗ ಮಾತ್ರವೆಂದು ತಿಳಿಯಿತು. ಉಳಿದುದೆಲ್ಲ ಜನರಿಗಾಗಿ: ಓದಲು, ಸಭೆ ಸೇರಲು, ಮಕ್ಕಳಿಗೆ ಕಥೆ ಹೇಳಲು, ಮಾಹಿತಿ ಕೇಳಲು.

ಪುಸ್ತಕಗಳದು ಬೇರೊಂದು ತೊಡಕು. ಡ್ಯೂಯಿ ಎಂಬ ವಿದ್ವಾಂಸನು ರೂಪಿಸಿದ ದಶಾಂಶ ಪದ್ಧತಿಯಲ್ಲಿ ಗ್ರಂಥಗಳು ವಿಷಯಾನುಸಾರವಾಗಿ 000ದಿಂದ 999ರವರೆಗೆ ಸಂಖ್ಯೆಗಳನ್ನು ಪಡೆಯುತ್ತವೆ. ಅಂತಸ್ತುಗಳಾಗಿ ಕಟ್ಟಿದ ಕಟ್ಟಡದಲ್ಲಿ ಒಂದು ವಿಷಯದ ಪುಸ್ತಕಗಳು ಬೆಳೆದರೆ ಆ ಮಹಡಿಯಲ್ಲಿ ಸ್ಥಳ ಸಾಲದೆ ಕೆಲವನ್ನು ಬೇರೆ ಮಹಡಿಗೋ ಉಗ್ರಾಣಕ್ಕೋ ಸಾಗಿಸಬೇಕಾಗುತ್ತದೆ. ಸರಣಿ ಕಡಿದುಹೋಗುತ್ತದೆ. ಇದಕ್ಕೆ ವಾಸ್ತುಶಿಲ್ಪಿಗಳು ಕಂಡುಹಿಡಿದ ಉಪಾಯ ಬಲು ಸರಳವಾದುದು. ನಾಲ್ಕು ಮಹಡಿಗಳನ್ನು ಬಿಡಿಬಿಡಿಯಾಗಿ ಕಟ್ಟದೆ, ಘಾಟಿಯ ರಸ್ತೆಯಂತೆ ಸುತ್ತಿಸುತ್ತಿ ಏರುವ ಒಂದೇ ಇಳಿಜಾರು ನೆಲವನ್ನಾಗಿ ಮಾಡಿದರು. ಇಳಿಜಾರು ಎಷ್ಟು ಮೆಲ್ಲನೆಯದೆಂದರೆ ಗಾಲಿಕುರ್ಚಿಯವರೂ ಅದರಲ್ಲಿ ಸಾಗಬಹುದು. ಸಂಖ್ಯೆಗಳನ್ನು ನೆಲದ ಮೇಲೆಯೇ ಗುರುತಿಸಿದ್ದಾರೆ. ಯಾವ ವಿಷಯ ಹಿಗ್ಗಿದರೂ ನೆರೆಯ ಪುಸ್ತಕಗಳು ಸ್ವಲ್ಪ ಸರಿದು ಎಡೆ ಕೊಡುತ್ತವೆಯೇ ಹೊರತು ಸರಣಿ ಮುರಿಯುವುದಿಲ್ಲ.

ಕಟ್ಟಡದ ಹೊರಮೈಗೆ ಉಕ್ಕಿನ ಜಾಲ. ಅದರ ವಜ್ರಾಕೃತಿಯ ಕಿಂಡಿಗಳಲ್ಲಿ ಹತ್ತು ಸಾವಿರದಷ್ಟು ಗಾಜಿನ ಹಲಗೆಗಳು. ವರ್ಷದ ಬಹುಕಾಲ ಮೋಡ ಕವಿದಿರುವ ಆ ಊರಿನಲ್ಲಿ ಹಗಲ ಬೆಳಕೆಲ್ಲ ಒಳಗೆ ಬರಲೆಂಬುದು ಇದರ ಉದ್ದೇಶ. ಹನ್ನೊಂದು ಅಂತಸ್ತಿನ ಈ ಭವನಕ್ಕೆ 16 ಕೋಟಿ 59 ಲಕ್ಷ ಡಾಲರು ತಗುಲಿತು. 2004ರ ಮೇ 23ರಂದು ಅದು ತೆರೆದಾಗ ಜನ ಪ್ರವಾಹವಾಗಿ ಬಂದರು; ಮೊದಲ ವರ್ಷದಲ್ಲಿ ಬಂದವರ ಸಂಖ್ಯೆ 20 ಲಕ್ಷವನ್ನು ಮೀರಿತು. ಮೆಚ್ಚದವರೂ ಇದ್ದರು. ದಾರಿ ತಿಳಿಯದೆ ಒಳಗೆ ಅಲೆಯಬೇಕಾಗುತ್ತದೆಂದು ಓದುಗರು ದೂರಿದರು. ಬೀದಿಯಲ್ಲಿ ನಡೆದುಹೋಗುವವರಿಗೆ ಕಟ್ಟಡವು ಮುಖ ತಿರುಗಿಸಿ ನಿಂತಿದೆಯೆಂದು ಟೀಕಾಕಾರರು ಬರೆದರು. ಆ ಮಾತುಗಳಲ್ಲಿ ಹುರುಳಿಲ್ಲದಿರಲಿಲ್ಲ. 2008ರ ವೇಳೆಗೆ ಶಾಖೆಗಳ ಕೆಲಸವೂ ಮುಗಿದು, ನಾಲ್ಕು ಹೊಸ ಶಾಖೆಗಳು ಸೇರಿ, ಬಡಾವಣೆಗಳಿಗೆ ಕೊಟ್ಟ ಮಾತು ನಡೆಯಿತು.

ಆದರೆ ಕಟ್ಟಡಕ್ಕೆಂದು ಎತ್ತಿದ ಸಾಲದ ಹಣವನ್ನು ಸಂಬಳಕ್ಕೆ ಬಳಸುವಂತಿರಲಿಲ್ಲ. ದಿನನಿತ್ಯದ ವೆಚ್ಚಕ್ಕೆ ನಗರದ ಆಯವ್ಯಯವನ್ನೇ ನೆಚ್ಚಬೇಕಾಗಿತ್ತು. 2002ರಲ್ಲಿ ವರಮಾನ ಇಳಿದಾಗ, ಹೊಸ ಭವನ ಇನ್ನೂ ಏಳುತ್ತಿದ್ದಂತೆಯೇ, ಉಳಿತಾಯಕ್ಕಾಗಿ ನಗರದ ಎಲ್ಲ ಗ್ರಂಥಾಲಯಗಳನ್ನೂ ವಾರಗಟ್ಟಲೆ ಮುಚ್ಚಬೇಕಾಯಿತು. 2009ರ ನಂತರ ಮತ್ತೆ ಪ್ರತಿವರ್ಷ ಒಂದು ವಾರ ಬಾಗಿಲಿಗೆ ಬೀಗ ಬಿದ್ದಿತು. ಗಾಜಿನ ಅಷ್ಟು ದೊಡ್ಡ ಮನೆ, ಒಳಗೆ ಲಕ್ಷಾಂತರ ಪುಸ್ತಕ, ಹೊರಗೆ ಓದುಗರು! ಕಾರ್ನೆಗಿಯ ಷರತ್ತಿನ ಅರ್ಥ ನೂರು ವರ್ಷಗಳ ಮೇಲೆ ನಗರಕ್ಕೆ ಮತ್ತೊಮ್ಮೆ ಮನವರಿಕೆಯಾಯಿತು. 2012ರಲ್ಲಿ ಮತದಾರರು ಗ್ರಂಥಾಲಯದ ನಿರ್ವಹಣೆಗೆಂದೇ ಏಳು ವರ್ಷಗಳ ವಿಶೇಷ ತೆರಿಗೆಯೊಂದಕ್ಕೆ ಒಪ್ಪಿಗೆಯಿತ್ತರು. ವಾರದ ಬೀಗ ಹೋಯಿತು. 2019ರಲ್ಲಿ ಇನ್ನೂ ಏಳು ವರ್ಷಗಳಿಗೆ, ಮೊದಲಿಗಿಂತ ಹೆಚ್ಚಿನ ಮೊತ್ತಕ್ಕೆ, ಒಪ್ಪಿದರು. ಆ ಹಣದ ಬಲದಿಂದ 2020ರ ಜನವರಿಯಿಂದ, ಪುಸ್ತಕವನ್ನು ತಡವಾಗಿ ಹಿಂದಿರುಗಿಸಿದವರಿಗೆ ವಿಧಿಸುತ್ತಿದ್ದ ದಂಡವನ್ನು ಗ್ರಂಥಾಲಯವು ರದ್ದು ಮಾಡಿತು.